ಗ್ರಹಣ ನೋಡಿದ್ಯೇನೇ?

ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಬಂದ ನೆಂಟರೆಲ್ಲ ನನ್ನ ತಂಗಿಯನ್ನು ಕೇಳಿದ್ದು ಒಂದೇ ಮಾತು: "ಬಸುರಿ ಇದ್ದಾಗ ಗ್ರಹಣ ನೋಡಿದ್ಯೇನೇ?"

ಅವಳ ಮಗನ ಬಲಗಿವಿಯ ಜಾಗದಲ್ಲಿ ಶೇಂಗಾಬೀಜದಷ್ಟು ಚರ್ಮದ ಗಂಟು. ಆ ಕಡೆಯ ದವಡೆ ಸಣ್ಣದು, ಅತ್ತರೆ ಬಾಯಿ ಎಡಕ್ಕೆ ಎಳೆಯುತ್ತದೆ. ಕಣ್ಣಗುಡ್ಡೆಯ ಅಂಚಿಗೊಂದು ಬಿಳಿ ಗುಳ್ಳೆ. ಎಕ್ಸ್‌ರೇಯಲ್ಲಿ ನೋಡಿದರೆ ಬೆನ್ನುಮೂಳೆಯ ಒಂದು ಮಣಿ ಅರ್ಧವೇ ಬೆಳೆದಿತ್ತು.

ಗೋಲ್ಡನ್‌ಹಾರ್ ಸಿಂಡ್ರೋಮ್ ಅಂದರು ಡಾಕ್ಟರು. 1952ರಲ್ಲಿ ಇದನ್ನು ವಿವರಿಸಿದ ಮೊರೀಸ್ ಗೋಲ್ಡನ್‌ಹಾರ್ ಎಂಬ ವೈದ್ಯರ ಹೆಸರದು. ಗರ್ಭದ ಮೊದಲ ಎರಡು ತಿಂಗಳಲ್ಲಿ, ಕಿವಿ, ದವಡೆ ಮೂಡುವ ಹೊತ್ತಿನಲ್ಲೇ ಬೆಳವಣಿಗೆ ಎಡವುತ್ತದೆ. ಬಹುಪಾಲು ಮನೆಗಳಲ್ಲಿ ಮತ್ಯಾರಿಗೂ ಇದು ಇರುವುದಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಊರ ಕಟ್ಟೆ ಮೇಲೆ ನಿಂತು ಹೇಳಲೂ ನಾನು ಸಿದ್ಧ.

ಇಂಥ ಮಗುವಿನ ಹೃದಯ, ಮೂತ್ರಪಿಂಡಗಳ ಸ್ಕ್ಯಾನ್ ಮಾಡಿಸಲೇಬೇಕು. ಬೆಳೆಯುತ್ತ ಬೆನ್ನು ವಾಲೀತು, ಆಗಾಗ ತೋರಿಸುತ್ತಿರಬೇಕು. ಕಿವಿಯದು ಮಾತ್ರ ಅವಸರದ ಕೆಲಸ, ಮಾತು ಕಲಿಯುವ ವಯಸ್ಸು ನಮಗಾಗಿ ಕಾಯುವುದಿಲ್ಲ. ತಲೆಗೆ ಪಟ್ಟಿಯಂತೆ ಕಟ್ಟುವ ಶ್ರವಣಯಂತ್ರವೊಂದಿದೆ, ಅದು ಬುರುಡೆಯ ಮೂಳೆಯ ಮೂಲಕವೇ ಸದ್ದನ್ನು ಒಳಗಿವಿಗೆ ಮುಟ್ಟಿಸುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳ ಕಿವಿ ಪರೀಕ್ಷಿಸುತ್ತಾರೆ. ಪಕ್ಕೆಲುಬಿನ ಮೆದು ಮೂಳೆಯಿಂದ ಹೊಸ ಕಿವಿ ಕಟ್ಟುವುದು ಆರು ವರ್ಷ ದಾಟಿದ ಮೇಲಿನ ಮಾತು.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಅವತ್ತು ಮಗುವನ್ನು ಸೆರಗಲ್ಲಿ ಮುಚ್ಚಿಡಬೇಡಿ. ನನ್ನ ತಂಗಿ ಈಗ ಮಗನ ಟೋಪಿ ತೆಗೆದೇ ಸಂತೆಗೆ ಹೋಗುತ್ತಾಳೆ.