ದುಡಿಮೆಯ ದಿನದಲ್ಲಿ ನಾಯಿಯ ಪಾಠ: ಬೇಕಾಗುವ ಸಮಯವೆಷ್ಟು?

ವ್ಯಾಪಾರಸ್ಥರ ಮನೆಗಳಲ್ಲಿ, ಗೋದಾಮುಗಳಲ್ಲಿ, ಸಣ್ಣ ಕಾರ್ಖಾನೆಗಳ ಅಂಗಳದಲ್ಲಿ ನಾಯಿಯೊಂದನ್ನು ಸಾಕುವುದು ಕರ್ನಾಟಕದ ಊರುಗಳಲ್ಲಿ ಹೊಸ ಸಂಗತಿಯಲ್ಲ. ಮರಿಯನ್ನು ತರುವ ದಿನದ ಉತ್ಸಾಹ ಮಾತ್ರ ಬಹುಕಾಲ ಉಳಿಯುವುದಿಲ್ಲ. ಯಜಮಾನರು ಬೆಳಿಗ್ಗೆ 9ಕ್ಕೆ ಅಂಗಡಿಯ ಷಟರ್ ಎತ್ತಲು ಹೊರಟರೆ ಲೆಕ್ಕ ಮುಗಿಸಿ ಮರಳುವುದು ರಾತ್ರಿ 9ಕ್ಕೆ. ಮನೆಯೊಡತಿಯೂ ಉದ್ಯೋಗಸ್ಥೆಯಾಗಿದ್ದರೆ ನಾಯಿ ಹಗಲೆಲ್ಲ ಸರಪಳಿಯಲ್ಲಿಯೇ ಇರುತ್ತದೆ. ವರ್ಷ ತುಂಬುವಷ್ಟರಲ್ಲಿ ಅದು ಬಂದವರ ಮೈಮೇಲೆ ಹಾರುತ್ತದೆ, ಹಮಾಲರನ್ನು ಕಂಡರೆ ಅಬ್ಬರಿಸುತ್ತದೆ, ಕೊರಿಯರ್ ಹುಡುಗ ಗೇಟಿನ ಹೊರಗಿನಿಂದಲೇ ಪಾರ್ಸಲ್ ಎಸೆದು ಹೋಗುತ್ತಾನೆ. ಕೊನೆಗೆ ತೋಟದ ಮನೆಗೋ ಪರಿಚಯದವರಿಗೋ ಅದನ್ನು ದಾಟಿಸಲಾಗುತ್ತದೆ. ಕಾರಣ ಕೇಳಿದರೆ ಸಿಗುವ ಉತ್ತರ ಒಂದೇ: "ಕಲಿಸೋದಕ್ಕೆ ಪುರುಸೊತ್ತೆಲ್ಲಿದೆ?"

ಈ ಉತ್ತರದ ಹಿಂದೆ ಒಂದು ತಪ್ಪು ಎಣಿಕೆಯಿದೆ. ನಾಯಿಗೆ ಶಿಸ್ತು ಕಲಿಸಲು ಪ್ರತಿದಿನ ಮುಂಜಾನೆ ಒಂದು ಗಂಟೆ ಮೈದಾನದಲ್ಲಿ ನಿಲ್ಲಬೇಕು, ಅದು ಸಾಧ್ಯವಾಗದವರು ಹಣ ಕೊಟ್ಟು ತರಬೇತುದಾರರನ್ನು ಗೊತ್ತುಪಡಿಸಬೇಕು ಎಂಬುದೇ ಆ ಎಣಿಕೆ. ಪ್ರಾಣಿಗಳ ಕಲಿಕೆಯನ್ನು ಕುರಿತ ಪ್ರಯೋಗಗಳು ಬೇರೆಯದನ್ನೇ ಹೇಳುತ್ತವೆ.

ಡೆನ್ಮಾರ್ಕಿನ ಪ್ರಯೋಗಗಳು

ಡೆನ್ಮಾರ್ಕಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 18 ಬೀಗಲ್ ನಾಯಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ 5 ಬಾರಿಯೂ ಮತ್ತೊಂದಕ್ಕೆ ವಾರಕ್ಕೆ ಒಂದೇ ಬಾರಿಯೂ ಹೊಸ ಕೆಲಸವೊಂದನ್ನು ಹಂತಹಂತವಾಗಿ ಕಲಿಸಲಾಯಿತು. ವಾರಕ್ಕೊಮ್ಮೆ ಪಾಠ ಪಡೆದ ನಾಯಿಗಳು ಕಡಿಮೆ ಪಾಠಗಳಲ್ಲಿಯೇ ಅದನ್ನು ಕಲಿತವು. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 44 ಬೀಗಲ್ ನಾಯಿಗಳಿಗೆ ತಮ್ಮ ಬುಟ್ಟಿಗೆ ಹೋಗಿ ಅಲ್ಲಿಯೇ ಇರುವುದನ್ನು ಕಲಿಸಲಾಯಿತು. ಕೆಲವಕ್ಕೆ ದಿನವೂ ಪಾಠ, ಕೆಲವಕ್ಕೆ ವಾರಕ್ಕೆ ಒಂದೆರಡು ಬಾರಿ; ಕೆಲವಕ್ಕೆ ಒಂದು ಸಲಕ್ಕೆ ಒಂದೇ ಪಾಠ, ಕೆಲವಕ್ಕೆ ಬೆನ್ನುಬೆನ್ನಿಗೆ ಮೂರು. ವಾರಕ್ಕೆ ಒಂದೆರಡು ಬಾರಿ ಚಿಕ್ಕ ಪಾಠ ಪಡೆದವು ಮುಂದಿದ್ದವು. ದಿನವೂ ದೀರ್ಘ ಪಾಠ ಪಡೆದವು ಹಿಂದುಳಿದವು. ನಾಲ್ಕು ವಾರ ಬಿಟ್ಟು ಪರೀಕ್ಷಿಸಿದಾಗಲೂ ಕಲಿತದ್ದನ್ನು ನಾಯಿಗಳು ಮರೆತಿರಲಿಲ್ಲ.

ಈ ಫಲಿತಾಂಶವನ್ನು ಎಚ್ಚರದಿಂದ ಓದಬೇಕು. ವಾರಕ್ಕೊಮ್ಮೆ ಕಲಿತ ನಾಯಿಗಳಿಗೆ ಬೇಕಾದ ಪಾಠಗಳು ಕಡಿಮೆ, ಆದರೆ ಹಿಡಿದ ದಿನಗಳು ಹೆಚ್ಚು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಹೂಡಿಕೆ ಕಡಿಮೆ, ಅವಧಿ ದೀರ್ಘ. ಮುಂದಿನ ತಿಂಗಳು ಮನೆಯಲ್ಲಿ ಮದುವೆಯಿದೆ, ಅಷ್ಟರೊಳಗೆ ನಾಯಿ ಶಿಸ್ತಾಗಬೇಕು ಎನ್ನುವವರು ದಿನವೂ ಕಲಿಸುವುದೇ ಲೇಸು. ಅಂತಹ ಅವಸರವಿಲ್ಲದವರಿಗೆ ಮಾತ್ರ ಬಿಡುವಿನ ಅಭಾವ ಅಷ್ಟು ದೊಡ್ಡ ಅಡ್ಡಿಯಲ್ಲ. ವಾರವಿಡೀ ಸುಮ್ಮನಿದ್ದು ರಜಾದಿನ ಒಂದೇ ಸಮನೆ ಎರಡು ಗಂಟೆ ಪಾಠ ಹೇಳುವ ಪದ್ಧತಿಯೂ ಪ್ರಯೋಜನಕ್ಕೆ ಬಾರದು. ನಾಯಿ ಬೇಸರಗೊಳ್ಳುತ್ತದೆ, ಕಲಿಸುವವರಿಗೆ ಸಿಟ್ಟು ಬರುತ್ತದೆ.

ನಿಮಿಷಗಳು ಎಲ್ಲಿ ಸಿಗುತ್ತವೆ?

ದುಡಿಯುವ ದಿನದಲ್ಲಿ ಪಾಠಕ್ಕೆಂದು ಪ್ರತ್ಯೇಕ ವೇಳೆ ಹುಡುಕುವುದಕ್ಕಿಂತ, ಹೇಗಿದ್ದರೂ ನಡೆಯಲೇಬೇಕಾದ ಕೆಲಸಗಳೊಳಗೆ ಪಾಠವನ್ನು ಸೇರಿಸುವುದು ಸುಲಭ. ಬೆಳಿಗ್ಗೆ ನಾಯಿಯ ಅನ್ನದ ತಟ್ಟೆ ಕೆಳಗಿಡುವ ಮೊದಲು ಅದು ಕುಳಿತುಕೊಳ್ಳಬೇಕು. ಗೇಟು ತೆರೆಯುವ ಮೊದಲು ನಿಲ್ಲಬೇಕು. ಕುಳಿತರೆ ತಟ್ಟೆ ಇಳಿಯುತ್ತದೆ, ಎದ್ದರೆ ಮೇಲೇರುತ್ತದೆ. ನಿಂತರೆ ಗೇಟು ತೆರೆಯುತ್ತದೆ, ನುಗ್ಗಿದರೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ತಗಲುವ ಹೆಚ್ಚಿನ ಸಮಯ ಅರ್ಧ ನಿಮಿಷ. ಯಾವ ವರ್ತನೆಯ ಬೆನ್ನಿಗೆ ಹಿತಕರವಾದದ್ದು ಒದಗುತ್ತದೆಯೋ ಆ ವರ್ತನೆ ಮರುಕಳಿಸುತ್ತದೆ ಎಂಬುದು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ನೂರು ವರ್ಷಗಳಿಗೂ ಹಿಂದೆ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದ ನಿಯಮ. ಬಿ.ಎಫ್. ಸ್ಕಿನ್ನರ್ ಅದನ್ನೇ ವಿಸ್ತರಿಸಿದರು. ಇಂದಿನ ತರಬೇತಿ ವಿಧಾನಗಳ ಬಹುಭಾಗ ಈ ನಿಯಮದ ಮೇಲೆಯೇ ನಿಂತಿದೆ.

ಹೊಸದನ್ನು ಕಲಿಸಲು ಮೂರು ನಿಮಿಷದ ಪಾಠವೊಂದು ಸಾಕು. ಬೆಳಗಿನ ಕಾಫಿ ಆರುವ ಹೊತ್ತಿನಲ್ಲಿ ಒಮ್ಮೆ, ರಾತ್ರಿ ಊಟಕ್ಕೆ ಮುಂಚೆ ಒಮ್ಮೆ. ಬಹುಮಾನ ಕಡಲೆಕಾಳಿನಷ್ಟೇ ದೊಡ್ಡದಿರಲಿ: ಬೇಯಿಸಿದ ಕೋಳಿಮಾಂಸದ ಚೂರು, ಸಸ್ಯಾಹಾರಿಗಳ ಮನೆಯಾದರೆ ಪನೀರು ಅಥವಾ ಕ್ಯಾರೆಟ್. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷವಾಗುವುದರಿಂದ ಅವುಗಳ ಹತ್ತಿರಕ್ಕೂ ಹೋಗಬಾರದು. ಬಹುಮಾನ ಒಂದೆರಡು ಕ್ಷಣದೊಳಗೆ ಬಾಯಿಗೆ ತಲುಪಬೇಕು. ಫ್ರಿಜ್ ತೆರೆದು ಹುಡುಕುತ್ತ ನಿಂತರೆ ನಾಯಿ ಅಷ್ಟರಲ್ಲಿ ಎದ್ದು ನಿಂತಿರುತ್ತದೆ. ಎದ್ದು ನಿಂತದ್ದಕ್ಕೇ ಬಹುಮಾನ ಬಂದಿತೆಂದು ಅದು ತಿಳಿಯುತ್ತದೆ. ಪಾಠ ಗಟ್ಟಿಯಾದ ಮೇಲೆ ಪ್ರತಿಸಲವೂ ತಿನಿಸು ಬೇಡ. ಆಗೊಮ್ಮೆ ಈಗೊಮ್ಮೆ ಕೊಟ್ಟರೆ ಅಭ್ಯಾಸ ಇನ್ನಷ್ಟು ಬಾಳಿಕೆ ಬರುತ್ತದೆ.

ಸಮಯಕ್ಕಿಂತ ಹೆಚ್ಚಾಗಿ ಮನೆಗಳಲ್ಲಿ ಕೊರತೆಯಾಗಿರುವುದು ಒಮ್ಮತ. ಮಗ "ಕಮ್" ಎನ್ನುತ್ತಾನೆ, ತಾಯಿ "ಬಾ ಇಲ್ಲಿ" ಎನ್ನುತ್ತಾರೆ, ಅಜ್ಜಿ "ಬಾರೋ ರಾಜಾ" ಎಂದು ಕರೆಯುತ್ತಾರೆ, ಗೋದಾಮಿನ ವಾಚ್‌ಮನ್ ಸಿಳ್ಳೆ ಹಾಕುತ್ತಾನೆ. ಒಬ್ಬರು ಸೋಫಾ ಹತ್ತಿದರೆ ಗದರುತ್ತಾರೆ, ಮತ್ತೊಬ್ಬರು ಮಗ್ಗುಲಿಗೆ ಕರೆದು ಕೂರಿಸಿಕೊಳ್ಳುತ್ತಾರೆ. ಇಬ್ಬರು ಗುಮಾಸ್ತರು ಎರಡು ಬಗೆಯಲ್ಲಿ ಖಾತೆ ಬರೆದರೆ ವರ್ಷಾಂತ್ಯದಲ್ಲಿ ಆಗುವ ಫಜೀತಿ ಯಾರಿಗೂ ಹೊಸದಲ್ಲ; ನಾಯಿಯ ತಲೆಯಲ್ಲಿಯೂ ಆಗುವುದು ಅದೇ. ಕುಳಿತುಕೊ, ಬಾ, ನಿಲ್ಲು, ಬಿಡು ಎಂಬ ನಾಲ್ಕು ಆಜ್ಞೆಗಳಿಗೆ ಯಾವ ಭಾಷೆಯ ಪದವಾದರೂ ಸರಿ, ಎಲ್ಲರೂ ಅದನ್ನೇ ಬಳಸಬೇಕು. ಆ ನಾಲ್ಕು ಪದಗಳನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೂ ಕಾವಲು ಕೋಣೆಗೂ ಅಂಟಿಸುವುದು ಸಣ್ಣ ಕೆಲಸ. ಆದರೆ ಪರವೂರಿನಿಂದ ಕರೆಸಿದ ತರಬೇತುದಾರನಿಗಿಂತ ಅದರಿಂದಲೇ ಹೆಚ್ಚು ಉಪಯೋಗವಾದೀತು.

ರಾತ್ರಿ ಮನೆಗೆ ಮರಳಿದವರ ಕಣ್ಣಿಗೆ ಕಚ್ಚಿ ಚಿಂದಿಯಾದ ಚಪ್ಪಲಿ ಬಿದ್ದಾಗ ನಾಯಿಗೆ ಪೆಟ್ಟು ಬೀಳುವುದುಂಟು. ನಾಯಿ ತಲೆತಗ್ಗಿಸಿ ಮೂಲೆ ಸೇರುತ್ತದೆ. ತಪ್ಪು ಅದಕ್ಕೂ ಗೊತ್ತು ಎಂದು ಮನೆಯವರು ತೀರ್ಮಾನಿಸುತ್ತಾರೆ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಅಮೆರಿಕದ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ತೀರ್ಮಾನವನ್ನು ಅಲುಗಾಡಿಸಿತು. ತಿನಿಸನ್ನು ಕದ್ದ ನಾಯಿಯೂ ಕದಿಯದ ನಾಯಿಯೂ ಯಜಮಾನರು ಗದರಿದಾಗ ಒಂದೇ ರೀತಿ "ಅಪರಾಧಿ ಮುಖ" ಹೊತ್ತವು. ಕದಿಯದೆ ಬೈಗುಳ ತಿಂದವು ಇನ್ನೂ ಹೆಚ್ಚು ಮುದುಡಿದವು. ಹಗಲು 11ರ ಕೃತ್ಯಕ್ಕೆ ರಾತ್ರಿ 9ಕ್ಕೆ ಕೊಟ್ಟ ಶಿಕ್ಷೆಯಿಂದ ನಾಯಿ ಕಲಿಯುವುದು ಒಂದನ್ನೇ: ಯಜಮಾನರು ಬರುವ ಹೊತ್ತು ಹೆದರಬೇಕಾದ ಹೊತ್ತು.

ಮುಂದೂಡಲಾಗದ ವೇಳೆ

ಇಷ್ಟೆಲ್ಲ ಸಂಕ್ಷೇಪಕ್ಕೆ ಒಗ್ಗದ ಒಂದು ಕಾಲವೂ ಉಂಟು. ಮರಿಗೆ ಸುಮಾರು 3 ವಾರ ತುಂಬಿದಂದಿನಿಂದ 12–14 ವಾರಗಳವರೆಗೆ ಅದು ಏನನ್ನು ಕಂಡು ಹೆದರದೆ ಬೆಳೆಯುತ್ತದೆಯೋ ಅದೇ ಅದರ ಬಾಳಿನುದ್ದಕ್ಕೂ ಪರಿಚಿತ ಲೋಕವಾಗುತ್ತದೆ. ಅಮೆರಿಕದ ವಿಜ್ಞಾನಿಗಳಾದ ಸ್ಕಾಟ್ ಮತ್ತು ಫುಲ್ಲರ್ ದೀರ್ಘಕಾಲದ ಪ್ರಯೋಗಗಳ ಬಳಿಕ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅವಧಿಯ ಮಹತ್ವ ಸ್ಥಾಪಿತವಾಯಿತು. ತಲೆಯ ಮೇಲೆ ಮೂಟೆ ಹೊತ್ತವರು, ಹೆಲ್ಮೆಟ್ ಧರಿಸಿದವರು, ಛತ್ರಿ ಬಿಚ್ಚಿದವರು, ಲಾರಿಯ ಹಾರ್ನ್, ಮಕ್ಕಳ ಗಲಾಟೆ — ಇವನ್ನೆಲ್ಲ ಮರಿಗೆ ಆಗಲೇ ತೋರಿಸಬೇಕು. ಲಸಿಕೆಗಳು ಮುಗಿಯುವವರೆಗೆ ಬೀದಿಯ ನೆಲಕ್ಕೆ ಬಿಡದೆ ತೋಳಿನಲ್ಲಿ ಎತ್ತಿಕೊಂಡು ತೋರಿಸಬಹುದು. ಎಳೆಯ ಮರಿ ಮೂತ್ರವನ್ನೂ ಹೆಚ್ಚು ಹೊತ್ತು ತಡೆಯಲಾರದು; ಎರಡು ತಿಂಗಳ ಮರಿಯನ್ನು ಎರಡು–ಮೂರು ಗಂಟೆಗೊಮ್ಮೆಯಾದರೂ ಹೊರಗೆ ಒಯ್ಯಬೇಕು. ಈ ಕೆಲವು ವಾರಗಳಿಗೆ ರಜೆಯೋ ಮನೆಯ ಹಿರಿಯರ ನೆರವೋ ಬೇಕೇಬೇಕು. ವ್ಯಾಪಾರದ ಹಂಗಾಮಿನಲ್ಲಿ, ದೀಪಾವಳಿಯ ಮುನ್ನಾ ವಾರದಲ್ಲಿ ಮರಿ ತರುವವರು ಮುಂದಿನ ಹತ್ತು ವರ್ಷಗಳ ತೊಂದರೆಯನ್ನು ಬರಮಾಡಿಕೊಂಡಂತೆ.

ಗೋದಾಮಿನ ನಾಯಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕಟ್ಟಿಹಾಕಿ, ಯಾರನ್ನೂ ಹತ್ತಿರ ಬಿಡದೆ ಸಾಕಿದರೆ ನಾಯಿ ಒಳ್ಳೆಯ ಕಾವಲಿಗೆ ಬರುತ್ತದೆಂಬ ನಂಬಿಕೆ ಬಹಳ ಕಡೆ ಇದೆ. ಹಾಗೆ ಬೆಳೆದ ನಾಯಿ ಕಳ್ಳನಿಗೂ ಹಮಾಲನಿಗೂ ಭೇದವೆಣಿಸದು, ಹೆದರಿ ಕಚ್ಚುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಂಬಿ ಲಾರಿಯಿಂದ ಸರಕು ಇಳಿಸುವವರಿಗೆ ಧೈರ್ಯ ಹೇಳುವುದು ಅವರ ಪ್ರಾಣದೊಡನೆ ಆಟವಾಡಿದಂತೆ. ರೇಬೀಸ್ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಅತಿ ವಿರಳ. ವರ್ಷ ವರ್ಷದ ಲಸಿಕೆ ಇದ್ದೇ ಇರಬೇಕು. ಕಾನೂನಿನ ಹೊಣೆಯೂ ಮಾಲೀಕರದೇ. ತನ್ನ ವಶದಲ್ಲಿರುವ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂ. ವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಸದಾ ಸರಪಳಿಯಲ್ಲಿಟ್ಟ ನಾಯಿಗೆ ವ್ಯಾಯಾಮ ಕೊಡದಿರುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಕ್ರೌರ್ಯವೆಂದೇ ಪರಿಗಣಿಸುತ್ತದೆ. ಸಂಜೆ ಸರಕು ಇಳಿಸುವ ಹೊತ್ತಿಗೆ ನಾಯಿಯನ್ನು ಬಿಡಿಸಿ ಒಂದು ಸುತ್ತು ಹೊರಗೆ ನಡೆಸುವ ಕೆಲಸವನ್ನು ಕಾವಲುಗಾರನಿಗೆ ವಹಿಸಿ, ಅದಕ್ಕೆ ಬೇರೆಯಾಗಿ ಸಂಬಳ ಕೊಟ್ಟರೆ ಎರಡೂ ಕಲಮುಗಳ ಭಯ ಬಹುಮಟ್ಟಿಗೆ ನೀಗುತ್ತದೆ.

ತಳಿಯ ಆಯ್ಕೆಯಲ್ಲಿಯೂ ಸಮಯದ ಲೆಕ್ಕ ಅಡಗಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ಮುಧೋಳ ನಾಯಿಯ ಮೇಲೆ ಕನ್ನಡಿಗರಿಗೆ ಅಭಿಮಾನವಿರುವುದು ಸಹಜ. ಆದರೆ ಅದು ಓಡಿ ಬೇಟೆ ಹಿಡಿಯಲೆಂದು ಬೆಳೆದ ತಳಿ. ತೋಟವೋ ವಿಶಾಲವಾದ ಆವರಣವೋ ಇರುವವರಿಗೆ ಅದು ಒಪ್ಪುತ್ತದೆ. ಮೂರನೆಯ ಮಹಡಿಯ ಫ್ಲಾಟಿನಲ್ಲಿ ಹಗಲೆಲ್ಲ ಮುಚ್ಚಿಟ್ಟರೆ ಹತ್ತು ನಿಮಿಷದ ಯಾವ ಪಾಠವೂ ಅದನ್ನು ಸಮಾಧಾನಪಡಿಸದು.

ಮನೆಯಲ್ಲಿ ಹಗಲು ಯಾರೂ ಇರದ ದಂಪತಿಗಳಿಗೆ ಮರಿಗಿಂತ ಎರಡು–ಮೂರು ವರ್ಷದ ನಾಯಿ ಲೇಸು. ಅದರ ಸ್ವಭಾವ ಆಗಲೇ ತಿಳಿದಿರುತ್ತದೆ, ಶೌಚದ ಅಭ್ಯಾಸ ಬೇಗ ಕೂಡಿಬರುತ್ತದೆ, ಕಲಿಯುವ ಶಕ್ತಿಯೂ ಕುಂದಿರುವುದಿಲ್ಲ. ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲಿ ಮನೆಗಾಗಿ ಕಾದಿರುವ ನಾಟಿ ನಾಯಿಗಳಲ್ಲಿ ಈ ವಯಸ್ಸಿನವು ಸಾಕಷ್ಟು ಸಿಗುತ್ತವೆ. ಮಧ್ಯಾಹ್ನ ಒಮ್ಮೆ ಬಂದು ಅದನ್ನು ಹೊರಗೆ ಒಯ್ಯುವ ನೆರೆಯವರನ್ನು ಮಾತ್ರ ನಾಯಿ ತರುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.