ಚಾಕು ತಗುಲಿದರೆ ಕ್ಯಾನ್ಸರ್ ಹರಡುತ್ತದೆಯೇ?

ಅಂಡಾಶಯದಲ್ಲಿ ಅನುಮಾನದ ಗಡ್ಡೆಯಿದೆ, ಆಪರೇಷನ್ ಆಗಬೇಕು ಎಂದೊಡನೆ ಮನೆಯಲ್ಲಿ ಒಬ್ಬರಾದರೂ ಹೇಳುವ ಮಾತು: ‘ಚಾಕು ತಗುಲಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ.’ ಈ ನಂಬಿಕೆ ತಪ್ಪು. ಅಂಡಾಶಯದ ಕ್ಯಾನ್ಸರಿಗೆ ಹರಡಲು ಚಾಕು ಬೇಕಿಲ್ಲ. ಗಡ್ಡೆಯ ಮೇಲ್ಮೈಯಿಂದ ಕಳಚಿದ ಜೀವಕೋಶಗಳು ಹೊಟ್ಟೆಯೊಳಗಿನ ದ್ರವದಲ್ಲಿ ತೇಲಿಹೋಗಿ ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರದ ಮೇಲೆ, ಹೊಟ್ಟೆಯ ಒಳಪೊರೆಯ ಮೇಲೆ ಬೇರೂರುತ್ತವೆ. ಹೆಚ್ಚಿನ ಮಹಿಳೆಯರಲ್ಲಿ ಈ ರೋಗ ಪತ್ತೆಯಾಗುವಾಗಲೇ ಹರಡಿರುತ್ತದೆ, ಅದೂ ಯಾವ ಚಾಕುವೂ ತಗುಲದೆ. ಅಂಡಾಶಯದೊಳಗೇ ಇರುವಾಗ ತೆಗೆಸಿಕೊಂಡವರಲ್ಲಿ ಸುಮಾರು 90 ಪ್ರತಿಶತ ಮಂದಿ ಐದು ವರ್ಷ ದಾಟುತ್ತಾರೆ. ಹೆದರಿ ಮುಂದೂಡಿದರೆ ಕೈತಪ್ಪುವುದು ಈ ಅವಕಾಶವೇ.

ಹಾಗೆಂದು ಆ ಭಯವನ್ನು ಪೂರ್ತಿ ತಳ್ಳಿಹಾಕಲಾಗದು, ಅದರಲ್ಲಿ ಒಂದೆಳೆ ಸತ್ಯವಿದೆ. ಆಪರೇಷನ್ ನಡೆಯುವಾಗ ಕ್ಯಾನ್ಸರ್ ಗಡ್ಡೆ ಒಡೆದು ಒಳಗಿನದು ಹೊಟ್ಟೆಗೆ ಚೆಲ್ಲಿದರೆ ಒಂದೇ ಅಂಡಾಶಯದೊಳಗಿನ 1ಎ ಹಂತದ ರೋಗವನ್ನು ಅದಕ್ಕಿಂತ ಮುಂದಿನ 1ಸಿ ಎಂದು ಲೆಕ್ಕ ಹಾಕುತ್ತಾರೆ. ಬೇಡವಾಗಿದ್ದ ಕೀಮೋ ಬೇಕಾಗಬಹುದು. ಮೊದಲ ಹಂತದ 1,545 ರೋಗಿಗಳ ಮಾಹಿತಿ ಆಧರಿಸಿ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಗಡ್ಡೆ ಒಡೆದವರಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚೆಂದು ತೋರಿಸಿತು. ಆದ್ದರಿಂದಲೇ ಅಂಡಾಶಯಕ್ಕೆ ಸೀಮಿತವಾದ ಅನುಮಾನದ ಗಡ್ಡೆಗೆ ಹೊರಗಿನಿಂದ ಸೂಜಿ ಚುಚ್ಚುವುದಿಲ್ಲ. ಅದನ್ನು ಇಡಿಯಾಗಿ ಬಿಡಿಸಿ, ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿಯಾದರೆ ಹೊಟ್ಟೆಯೊಳಗೇ ಚೀಲಕ್ಕೆ ತುಂಬಿ ಹೊರತೆಗೆಯುತ್ತಾರೆ. ಒಡೆಯುವಷ್ಟು ದೊಡ್ಡದಾಗಿದ್ದರೆ ಹೊಟ್ಟೆ ಕೊಯ್ದು ತೆಗೆಯುವುದೇ ಕ್ಷೇಮ. ಗಾಯ ಚಿಕ್ಕದಿರಲಿ ಎಂಬ ಆಸೆ ಇಲ್ಲಿ ಮುಖ್ಯವಲ್ಲ.

ಇಷ್ಟೆಲ್ಲ ಅಪಾಯವಿದ್ದರೆ ಗಡ್ಡೆ ಕಂಡವರಿಗೆಲ್ಲ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಡಬಾರದೇಕೆ ಎಂದು ಕೇಳುವವರಿದ್ದಾರೆ. ಮುಟ್ಟಾಗುತ್ತಿರುವ ಮಹಿಳೆಯರಲ್ಲಿ ಕಾಣುವ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಬರೀ ನೀರು ತುಂಬಿದವು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕರಗುವುದುಂಟು. ಈ ಕ್ಯಾನ್ಸರಿನ ಸುಳಿವಿಗೆಂದು ರಕ್ತದಲ್ಲಿ ಅಳೆಯುವ ಸಿಎ-125 ಏರಿದೆ ಎಂಬುದೊಂದೇ ಸಾಕ್ಷಿಯಾಗದು. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲಿ, ನಮ್ಮಲ್ಲಿ ಅಪರೂಪವಲ್ಲದ ಹೊಟ್ಟೆಯ ಕ್ಷಯದಲ್ಲಿ ಕೂಡ ಅದು ಏರುತ್ತದೆ. ಮೊದಲ ಹಂತದ ಕ್ಯಾನ್ಸರ್ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಏರಿರುವುದೇ ಇಲ್ಲ. ಸ್ಕ್ಯಾನಿಂಗ್ ಚಿತ್ರ, ವಯಸ್ಸು, ಮುಟ್ಟು ನಿಂತಿದೆಯೇ ಎಂಬುದನ್ನೆಲ್ಲ ಕೂಡಿಸಿ ನೋಡಬೇಕು. ಮಕ್ಕಳು ಬೇಕೆನ್ನುವ ಯುವತಿಯಲ್ಲಿ ಕ್ಯಾನ್ಸರ್ ಒಂದೇ ಅಂಡಾಶಯದಲ್ಲಿದ್ದರೆ, ಎಷ್ಟೋ ಸಲ ಗರ್ಭಕೋಶವನ್ನೂ ಇನ್ನೊಂದು ಅಂಡಾಶಯವನ್ನೂ ಉಳಿಸಿಕೊಳ್ಳಬಹುದು.

ಆಪರೇಷನ್‌ಗೆ ಒಪ್ಪುವ ಮುನ್ನ ಎರಡು ಪ್ರಶ್ನೆ ಕೇಳಿ: ಸ್ತ್ರೀರೋಗ ಕ್ಯಾನ್ಸರ್‌ನಲ್ಲಿ ತರಬೇತಿ ಪಡೆದ ಸರ್ಜನ್ ಇರುತ್ತಾರೆಯೇ? ಆಪರೇಷನ್ ನಡೆಯುತ್ತಿರುವಾಗಲೇ ಗಡ್ಡೆಯ ತುಣುಕನ್ನು ಪರೀಕ್ಷಿಸುವ ಫ್ರೋಜನ್ ಸೆಕ್ಷನ್ ವ್ಯವಸ್ಥೆ ಅಲ್ಲಿದೆಯೇ? ಇಲ್ಲವೆಂದರೆ, ಇರುವ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ.