ಜೊತೆ ಪದ, ಎದುರು ಪದ: ಇಂಗ್ಲಿಷ್ ಪದಸಂಪತ್ತು ಬೆಳೆಸುವ ಬಗೆ

ಕೊಡ್ಲಿಪೇಟೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಮುಂದಿನ ಓದಿಗೆ ಸೋಮವಾರಪೇಟೆ, ಮಡಿಕೇರಿ, ಹಾಸನದ ಕಡೆಗೆ ಹೋಗುತ್ತಾರೆ. ಅಲ್ಲಿ ಶುಲ್ಕದ ಚಿಂತೆಯ ಜೊತೆಗೇ ಇಂಗ್ಲಿಷ್ ಪಠ್ಯಪುಸ್ತಕದ ಚಿಂತೆಯೂ ಶುರುವಾಗುತ್ತದೆ. ಶುಲ್ಕದ ಭಾರವನ್ನು ದಾನಿಗಳ ನೆರವಿನಿಂದ ನಾವು ಸ್ವಲ್ಪವಾದರೂ ಇಳಿಸಬಹುದು. ಆದರೆ ಪುಟಕ್ಕೆ ಹತ್ತು ಪದ ಅರ್ಥವಾಗದ ಮಗು ಶುಲ್ಕ ಕಟ್ಟಿದ ಮೇಲೂ ಹಿಂದೆ ಬೀಳುತ್ತದೆ. ಆದ್ದರಿಂದ ಈ ವರದಿಯಲ್ಲಿ ಪದಸಂಪತ್ತು ಬೆಳೆಸುವ ಒಂದು ಕ್ರಮವನ್ನು ವಿವರಿಸುತ್ತಿದ್ದೇವೆ.

ಮನೆಯಲ್ಲೇ ಇರುವ ಪಾಠ

ನಮ್ಮ ಭಾಗದ ಮನೆಗಳಲ್ಲಿ ಬ್ಯಾರಿ, ಮಲಯಾಳಂ ಅಥವಾ ಉರ್ದು ಮಾತು. ಅಂಗಡಿಗೆ, ಶಾಲೆಗೆ ಬಂದರೆ ಕನ್ನಡ. ಒಂದಕ್ಕೇ ಎರಡು ಮೂರು ಹೆಸರಿರುವುದು ನಮ್ಮ ಮಕ್ಕಳಿಗೆ ಹೊಸದಲ್ಲ. ಕನ್ನಡದಲ್ಲೇ ನೋಡಿ: ‘ಅರ್ಜಿ’ ಅರಬಿ ಮೂಲದ ಪದ, ‘ವಿನಂತಿ’ ಸಂಸ್ಕೃತ ಮೂಲದ್ದು, ‘ಕೋರಿಕೆ’ ಕನ್ನಡದ್ದು. ಮೂರರಲ್ಲೂ ಇರುವುದು ಕೇಳಿಕೊಳ್ಳುವ ಭಾವವೇ. ಆದರೂ ತಾಲ್ಲೂಕು ಕಚೇರಿಗೆ ಕೊಡುವುದು ಅರ್ಜಿ, ಆಮಂತ್ರಣ ಪತ್ರದಲ್ಲಿ ಬರೆಯುವುದು ವಿನಂತಿ. ಅದಲುಬದಲು ಮಾಡಿದರೆ ಕಿವಿಗೆ ಒಗ್ಗುವುದಿಲ್ಲ.

ಇಂಗ್ಲಿಷ್ ಕೂಡ ಹೀಗೆಯೇ ಬೆಳೆದ ಭಾಷೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅದಕ್ಕೆ ಫ್ರೆಂಚ್ ಪದಗಳು ಸಾವಿರಗಟ್ಟಲೆ ಬಂದವು. ವಿದ್ವಾಂಸರ ಮೂಲಕ ಲ್ಯಾಟಿನ್ ಪದಗಳೂ ಸೇರಿದವು. ‘ಆಸ್ಕ್’ ಹಳೆಯ ಇಂಗ್ಲಿಷ್, ‘ಕ್ವೆಶ್ಚನ್’ ಫ್ರೆಂಚಿನಿಂದ ಬಂದದ್ದು, ‘ಇಂಟರಾಗೇಟ್’ ಲ್ಯಾಟಿನ್ನಿನದು. ಮಗು ತಾಯಿಯನ್ನು ‘ಆಸ್ಕ್’ ಮಾಡುತ್ತದೆ. ಪೊಲೀಸರು ಆರೋಪಿಯನ್ನು ‘ಇಂಟರಾಗೇಟ್’ ಮಾಡುತ್ತಾರೆ. ಸಮಾನಾರ್ಥಕ ಎಂದರೆ ಹತ್ತಿರದ ಅರ್ಥ. ಪೂರ್ತಿ ಒಂದೇ ಅರ್ಥವಲ್ಲ.

ವ್ಯತ್ಯಾಸ ತೋರಿಸುವುದು ಎದುರು ಪದ

ಎರಡು ಸಮಾನಾರ್ಥಕ ಪದಗಳ ನಡುವಿನ ವ್ಯತ್ಯಾಸ ತಿಳಿಯಲು ಸುಲಭ ದಾರಿ, ಎರಡಕ್ಕೂ ವಿರುದ್ಧ ಪದ ಹುಡುಕುವುದು. ‘ಥ್ರಿಫ್ಟಿ’ ಮತ್ತು ‘ಸ್ಟಿಂಜಿ’ ಎರಡೂ ಕಡಿಮೆ ಖರ್ಚು ಮಾಡುವವರ ಬಗ್ಗೆ ಹೇಳುವ ಪದಗಳು. ಆದರೆ ‘ಥ್ರಿಫ್ಟಿ’ಗೆ ವಿರುದ್ಧ ‘ಎಕ್ಸ್‌ಟ್ರಾವಗೆಂಟ್’, ಅಂದರೆ ದುಂದುಗಾರ. ‘ಸ್ಟಿಂಜಿ’ಗೆ ವಿರುದ್ಧ ‘ಜೆನರಸ್’, ಅಂದರೆ ಧಾರಾಳಿ. ಹಾಗಾದರೆ ಮೊದಲನೆಯದು ಮಿತವ್ಯಯ, ಎರಡನೆಯದು ಜಿಪುಣತನ. ಸಂಸಾರ ತೂಗಿಸುವ ತಾಯಿಯನ್ನು ಪ್ರಬಂಧದಲ್ಲಿ ‘ಸ್ಟಿಂಜಿ’ ಎಂದು ಬರೆದರೆ ಹೊಗಳಿಕೆ ಬೈಗುಳವಾಗುತ್ತದೆ.

‘ಓಲ್ಡ್’ ಪದವನ್ನೂ ಹೀಗೆ ನೋಡಿ. ಮನುಷ್ಯರ ವಿಷಯದಲ್ಲಿ ಅದರ ವಿರುದ್ಧ ‘ಯಂಗ್’, ವಸ್ತುವಿನ ವಿಷಯದಲ್ಲಿ ‘ನ್ಯೂ’.

ಪೀಟರ್ ಮಾರ್ಕ್ ರೋಜೆ ಎಂಬ ಇಂಗ್ಲಿಷ್ ವೈದ್ಯರು 1852ರಲ್ಲಿ, ತಮ್ಮ 73ನೇ ವಯಸ್ಸಿನಲ್ಲಿ, ಪ್ರಸಿದ್ಧ ಥಿಸಾರಸ್ ಪ್ರಕಟಿಸಿದರು. ಅದರಲ್ಲಿ ಪದಗಳನ್ನು ಅಕ್ಷರಕ್ರಮಕ್ಕೆ ಬದಲಾಗಿ ಅರ್ಥದ ಗುಂಪುಗಳಲ್ಲಿ ಜೋಡಿಸಿ, ವಿರುದ್ಧ ಭಾವನೆಗಳನ್ನು ಅಕ್ಕಪಕ್ಕದ ಸಾಲುಗಳಲ್ಲಿ ಇಟ್ಟರು. ಅವರ ಕ್ರಮವನ್ನೇ ನಾವು ನೋಟ್‌ಬುಕ್ಕಿನಲ್ಲಿ ಅನುಸರಿಸಬಹುದು.

ಎಚ್ಚರ ಬೇಕಾದ ಕಡೆ

‘ಅನ್’, ‘ಇನ್’, ‘ಡಿಸ್’ ಸೇರಿಸಿದರೆ ಸಾಮಾನ್ಯವಾಗಿ ವಿರುದ್ಧ ಪದವಾಗುತ್ತದೆ. ಯಾವಾಗಲೂ ಅಲ್ಲ. ‘ಇನ್‌ವ್ಯಾಲ್ಯುಯಬಲ್’ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ನಮ್ಮ ‘ಅಮೂಲ್ಯ’ದ ಹಾಗೆ. ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿ ಇಲ್ಲದವನು. ‘ಡಿಸ್‌ಇಂಟರೆಸ್ಟೆಡ್’ ಎಂದರೆ ಮುಖ್ಯವಾಗಿ ನಿಷ್ಪಕ್ಷಪಾತಿ.

ಪದಗಳಿಗೆ ಒಗ್ಗುವ ಜೊತೆಯೂ ಇದೆ. ಕೊಡಗಿನ ಮಳೆ ‘ಹೆವಿ ರೈನ್’, ಕಾಫಿ ‘ಸ್ಟ್ರಾಂಗ್ ಕಾಫಿ’. ‘ಸ್ಟ್ರಾಂಗ್ ರೈನ್’, ‘ಹೆವಿ ಕಾಫಿ’ ಎನ್ನುವ ರೂಢಿಯಿಲ್ಲ. ಮಳೆಯ ಪದಗಳನ್ನು ಮೆಟ್ಟಿಲಿನಂತೆ ಕಲಿಯಿರಿ: ತುಂತುರಿಗೆ ‘ಡ್ರಿಜಲ್’, ಬಂದು ಹೋಗುವ ಮಳೆಗೆ ‘ಶವರ್’, ಧಾರಾಕಾರ ಮಳೆಗೆ ‘ಡೌನ್‌ಪೋರ್’.

ಪರೀಕ್ಷೆಯಲ್ಲಿ ಇದರ ಬೆಲೆ

ಪದವೀಧರರಿಗಾಗಿ ಎಸ್‌ಎಸ್‌ಸಿ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ಸಮಾನಾರ್ಥಕ, ವಿರುದ್ಧಾರ್ಥಕ ಪದಗಳು ಅದರಲ್ಲಿ ಬರುತ್ತವೆ. ತಪ್ಪು ಉತ್ತರಕ್ಕೆ ಅರ್ಧ ಅಂಕ ಕಳೆಯುವುದರಿಂದ ಊಹೆ ನಷ್ಟ ತರಬಹುದು. ಕಾನೂನು ಪ್ರವೇಶದ ಕ್ಲಾಟ್ ಪರೀಕ್ಷೆಯಲ್ಲಿ ಗದ್ಯಭಾಗ ಕೊಟ್ಟು, ಅಲ್ಲಿ ಪದಕ್ಕಿರುವ ಅರ್ಥವನ್ನು ಕೇಳುತ್ತಾರೆ. ಬರೀ ಪಟ್ಟಿ ಬಾಯಿಪಾಠ ಮಾಡಿದವರು ಇಲ್ಲಿ ತಡವರಿಸುತ್ತಾರೆ.

ದಿನಕ್ಕೆ ಐದು ಪದ

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ಪದ, ಜೊತೆ ಪದ, ಎದುರು ಪದ, ಸ್ವಂತ ವಾಕ್ಯ. ಪದವನ್ನು ಆ ದಿನ ಓದಿದ ಪಾಠದಿಂದಲೇ ಆರಿಸಿ. ವಾರದಲ್ಲಿ ಆರು ದಿನ ಐದೈದು ಪದ, ಏಳನೆಯ ದಿನ ಹಿಂದಿನ 30 ಪದಗಳ ಪುನರಾವರ್ತನೆ. ಹೀಗೆ 50 ವಾರಕ್ಕೆ 1,500 ಪದ. ವಾಕ್ಯದ ಕಾಲಂ ಖಾಲಿ ಬಿಟ್ಟರೆ ಪದ ಮರೆತುಹೋಗುತ್ತದೆ.

ಪೋಷಕರೇ, ಇಂಗ್ಲಿಷ್ ಬಾರದಿದ್ದರೂ ನೀವು ನೆರವಾಗಬಹುದು. ರಾತ್ರಿ ಊಟದ ನಂತರ ಮಗುವಿನಿಂದ ಐದು ಪದಗಳ ಅರ್ಥವನ್ನು ಮನೆಮಾತಿನಲ್ಲಿ ಹೇಳಿಸಿ. ನಿಮಗೆ ಅರ್ಥವಾಗುವಂತೆ ಹೇಳಿದರೆ ಮಗುವಿಗೂ ಅರ್ಥವಾಗಿದೆ ಎಂದೇ ತಿಳಿಯಿರಿ.

ಈ ಸಾಲಿನ ವಿದ್ಯಾರ್ಥಿವೇತನ ನವೀಕರಣಕ್ಕೆ ಬರುವಾಗ ಆ ನೋಟ್‌ಬುಕ್ ತನ್ನಿ. ಅದಕ್ಕೆ ಅಂಕವಿಲ್ಲ, ಅದು ಇಲ್ಲವೆಂದು ಯಾರ ಅರ್ಜಿಯನ್ನೂ ತಿರಸ್ಕರಿಸುವುದಿಲ್ಲ. ಮಗು ಎಲ್ಲಿ ತೊಡಕುತ್ತಿದೆ ಎಂದು ತಿಳಿಯುವುದಷ್ಟೇ ನಮ್ಮ ಉದ್ದೇಶ. ದಾನಿಗಳಲ್ಲಿ ಒಂದು ವಿನಂತಿ: ನಿಮ್ಮ ಮನೆಯಲ್ಲಿ ಬಳಸದೆ ಉಳಿದ ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟು ಇದ್ದರೆ ಟ್ರಸ್ಟಿಗೆ ಕೊಡಿ. ಒಂದೇ ನಿಘಂಟು ಅಣ್ಣನಿಂದ ತಂಗಿಗೆ, ಅವಳಿಂದ ಪಕ್ಕದ ಮನೆಯ ಮಗುವಿಗೆ ದಾಟುತ್ತಾ ಇನ್‌ಶಾ ಅಲ್ಲಾಹ್ ಹಲವು ವರ್ಷ ಉಪಯೋಗಕ್ಕೆ ಬರುತ್ತದೆ.